ನೋಡುವ ಹಕ್ಕು, ಓದುವ ಹಕ್ಕು: ಒಂದು ತೀರ್ಪಿನ ವಿಮರ್ಶೆ

೧

ನ್ಯಾಯಾಲಯದ ತೀರ್ಪು ಸಾಹಿತ್ಯಾಭ್ಯಾಸಿಗಳ ವಿಮರ್ಶೆಗೆ ವಸ್ತುವಾಗಬಹುದೇ ಎಂಬ ಸಂದೇಹವು ವಾಚಕರಲ್ಲಿ ಕೆಲವರಿಗೆ ಉಂಟಾಗಬಹುದು. ನಮ್ಮ ನಾಡಿನ ಪೂರ್ವಚರಿತ್ರೆಯನ್ನು ಬಲ್ಲವರಲ್ಲಿ ಈ ಸಂದೇಹವು ಬಹುಕಾಲ ನಿಲ್ಲಲಾರದು. ಚಾಳುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನವು, ಒಂದು ಪದಕ್ಕೆ ಅರ್ಥವೇನು, ಆ ಅರ್ಥವು ಎಲ್ಲಿಯವರೆಗೆ ಹರಿದು ಎಲ್ಲಿ ನಿಲ್ಲುತ್ತದೆ ಎಂಬ ವಿಚಾರದಿಂದಲೇ ಬೆಳೆದು, ಭರತಖಂಡದ ಬಹುಭಾಗಕ್ಕೆ ದಾಯವಿಭಾಗದ ಶಾಸ್ತ್ರವಾಯಿತು. ಆದಕಾರಣ ಧರ್ಮಾಸನದಿಂದ ಬಂದ ಮಾತನ್ನು ಮಾತಾಗಿಯೇ ಎತ್ತಿಕೊಂಡು ಪರೀಕ್ಷಿಸುವುದು ಕನ್ನಡ ನಾಡಿನ ವಿದ್ವಾಂಸರಿಗೆ ಪರಕೀಯವಾದ ಕಾರ್ಯವಲ್ಲ.

ಪ್ರಕೃತ ಲೇಖನಕ್ಕೆ ವಿಷಯವಾದುದು ಭಾರತದ ಸರ್ವೋಚ್ಚ ನ್ಯಾಯಾಲಯವು ೨೦೧೨ನೆಯ ಇಸವಿ ಸೆಪ್ಟೆಂಬರ್ ೨೭ರಂದು ವಿ. ಕೆ. ಶಶಿಕಲಾ ಅವರ ಮೇಲ್ಮನವಿಯಲ್ಲಿ ಕೊಟ್ಟ ತೀರ್ಪು. ಪೀಠದಲ್ಲಿದ್ದವರು ನ್ಯಾಯಮೂರ್ತಿ ಪಿ. ಸದಾಶಿವಂ ಮತ್ತು ನ್ಯಾಯಮೂರ್ತಿ ರಂಜನ್ ಗೊಗೊಯ್. ತೀರ್ಪನ್ನು ಬರೆದವರು ಎರಡನೆಯವರು. ಪೊಲೀಸರು ವಶಪಡಿಸಿಕೊಂಡು ನ್ಯಾಯಾಲಯಕ್ಕೆ ಒಪ್ಪಿಸಿದ ಮೇಲೂ, ಸಾಕ್ಷ್ಯವೆಂದು ನಿಶಾನೆ ಮಾಡಿಸದೆ ಬಿಟ್ಟ ಕಾಗದಗಳನ್ನು ಆಪಾದಿತನು ನೋಡಬಹುದೇ ಎಂಬುದೇ ಅಲ್ಲಿದ್ದ ಪ್ರಶ್ನೆ. ನೋಡಬಹುದೆಂದು ತೀರ್ಮಾನವಾಯಿತು. ಈ ತೀರ್ಮಾನವು ಸರಿಯಾದುದೆಂದೂ, ಅದಕ್ಕೆ ಕೊಟ್ಟ ಕಾರಣವು ತೀರ್ಮಾನಕ್ಕಿಂತಲೂ ದೊಡ್ಡದೆಂದೂ ನಮ್ಮ ಅಭಿಪ್ರಾಯ. ಆದರೆ ನೋಟವು ಓದಾಗುವವರೆಗೆ ಈ ಹಕ್ಕು ಅರ್ಧಮಾತ್ರವಾಗಿಯೇ ಉಳಿಯುತ್ತದೆ. ಆ ಉಳಿದ ಅರ್ಧವು ಎಷ್ಟೆಂಬುದನ್ನು ತಿಳಿಯಬೇಕಾದರೆ ತೀರ್ಪನ್ನು ದೆಹಲಿಯಲ್ಲಿಯೂ ಬೆಂಗಳೂರಿನಲ್ಲಿಯೂ ಓದಿದರೆ ಸಾಲದು. ಕೋಲಾರದ ಚಿನ್ನದ ಗಣಿ ಮತ್ತು ಬಂಗಾರಪೇಟೆಗಳಂತಹ, ಮೂರು ನಾಲ್ಕು ಭಾಷೆಗಳು ಕೂಡುವ ಊರಿನ ನ್ಯಾಯಾಲಯಗಳಲ್ಲಿ ನಿಂತು ಓದಬೇಕು.

೨

ಮೊಕದ್ದಮೆಯ ಪೂರ್ವವೃತ್ತಾಂತವನ್ನು ಸಂಕ್ಷೇಪವಾಗಿ ಹೇಳುವುದು ಅವಶ್ಯಕ. ತಮಿಳುನಾಡಿನ ಮುಖ್ಯಮಂತ್ರಿಗಳಾಗಿದ್ದ ಜೆ. ಜಯಲಲಿತಾ ಅವರ ಮೇಲೂ ಶಶಿಕಲಾ ಮೊದಲಾದ ಇತರ ಮೂವರ ಮೇಲೂ, ೧೯೯೧ರ ಜುಲೈ ೧ರಿಂದ ೧೯೯೬ರ ಏಪ್ರಿಲ್ ೩೦ರವರೆಗಿನ ಅವಧಿಯಲ್ಲಿ ವರಮಾನಕ್ಕೆ ಮೀರಿದ ಆಸ್ತಿಯನ್ನು ಗಳಿಸಿದರೆಂಬ ಆರೋಪವಿತ್ತು. ಚೆನ್ನೈನಲ್ಲಿ ೧೯೯೭ರಲ್ಲಿ ದೋಷಾರೋಪಣಾ ಪಟ್ಟಿಯು ದಾಖಲಾಯಿತು. ಅಲ್ಲಿ ವಿಚಾರಣೆಯು ನಿಷ್ಪಕ್ಷಪಾತವಾಗಿ ನಡೆಯಲಾರದೆಂಬ ಆಶಂಕೆಯಿಂದ ಸರ್ವೋಚ್ಚ ನ್ಯಾಯಾಲಯವು ೨೦೦೩ರ ನವೆಂಬರ್ ೧೮ರಂದು ಅದನ್ನು ಕರ್ನಾಟಕಕ್ಕೆ ವರ್ಗಾಯಿಸಿತು. ಹೀಗೆ ತಮಿಳಿನಲ್ಲಿ ಹುಟ್ಟಿದ ಬಹುಸಂಖ್ಯೆಯ ಹೇಳಿಕೆಗಳೂ ದಸ್ತಾವೇಜುಗಳೂ ಬೆಂಗಳೂರಿನ ವಿಶೇಷ ನ್ಯಾಯಾಲಯಕ್ಕೆ ಬಂದು, ಇಂಗ್ಲಿಷಿಗೆ ಭಾಷಾಂತರಗೊಂಡು, ಕನ್ನಡ ನಾಡಿನ ನ್ಯಾಯಾಧೀಶರ ಮುಂದೆ ನಿಂತವು.

ಅಭಿಯೋಜನ ಪಕ್ಷದ ಸಾಕ್ಷ್ಯವು ಮುಗಿದು, ದಂಡಪ್ರಕ್ರಿಯಾ ಸಂಹಿತೆಯ ೩೧೩ನೆಯ ಕಲಮಿನಂತೆ ಆಪಾದಿತರನ್ನು ಪ್ರಶ್ನಿಸುವ ಘಟ್ಟದಲ್ಲಿ, ಎರಡನೆಯ ಆಪಾದಿತರಾದ ಶಶಿಕಲಾ ಅವರು, ನಿಶಾನೆ ಬೀಳದ ಕಾಗದಗಳ ನಕಲುಗಳನ್ನು, ಅದಾಗದಿದ್ದರೆ ಅವುಗಳ ಪರಿಶೀಲನೆಯನ್ನು ಬೇಡಿದರು. ವಿಶೇಷ ನ್ಯಾಯಾಲಯವೂ ಕರ್ನಾಟಕದ ಉಚ್ಚ ನ್ಯಾಯಾಲಯವೂ ಈ ಬೇಡಿಕೆಯನ್ನು ಮನ್ನಿಸಲಿಲ್ಲ. ಸರ್ಕಾರದ ಪಕ್ಷದ ಉತ್ತರವು ಸರಳವಾಗಿಯೇ ಇತ್ತು: ೨೦೭ನೆಯ ಕಲಮಿನ ಪ್ರಕಾರ ಯಾವ ದಸ್ತಾವೇಜುಗಳನ್ನು ಆಧಾರವಾಗಿಟ್ಟುಕೊಂಡಿದ್ದೇವೆಯೋ ಅವುಗಳ ನಕಲುಗಳನ್ನು ಕೊಟ್ಟಾಗಿದೆ, ಉಳಿದವುಗಳನ್ನು ಇಷ್ಟು ವರ್ಷಗಳ ಮೇಲೆ ಕೇಳುವುದು ಕಾಲಹರಣವಲ್ಲದೆ ಬೇರೆಯಲ್ಲ.

ಈ ವಾದವನ್ನು ಲಘುವಾಗಿ ತಳ್ಳಿಹಾಕುವಂತಿರಲಿಲ್ಲ. ಆಪಾದಿತನಿಗೆ ಕಾಗದಗಳ ನಕಲನ್ನು ಧರ್ಮಾರ್ಥವಾಗಿ ಕೊಡಬೇಕೆಂಬ ನಿಯಮವು ೧೮೯೮ರ ಸಂಹಿತೆಗೆ ೧೯೫೫ರಲ್ಲಿ ಮಾಡಿದ ತಿದ್ದುಪಡಿಯಿಂದ ಬಂದು, ೧೯೭೪ರ ಏಪ್ರಿಲ್ ೧ರಿಂದ ಜಾರಿಗೆ ಬಂದ ೧೯೭೩ರ ಸಂಹಿತೆಯಲ್ಲಿ ೨೦೭ನೆಯ ಕಲಮಾಗಿ ನೆಲೆಗೊಂಡಿತು. ಎರಡರಲ್ಲಿಯೂ ನಿಯಮದ ಮಾತು ಅಭಿಯೋಜನ ಪಕ್ಷವು ಅವಲಂಬಿಸಿದ ಕಾಗದಗಳನ್ನು ಕುರಿತದ್ದು. ಅವಲಂಬಿಸದೆ ಬಿಟ್ಟುದರ ವಿಷಯದಲ್ಲಿ ಕಲಮು ಮೌನವಾಗಿತ್ತು. ಶಾಸನದ ಮೌನವನ್ನು ಹೇಗೆ ಓದಬೇಕು ಎಂಬುದೇ ಆದುದರಿಂದ ಇಲ್ಲಿಯ ನಿಜವಾದ ಪ್ರಶ್ನೆಯಾಯಿತು.

೩

ನ್ಯಾಯಮೂರ್ತಿ ಗೊಗೊಯ್ ಅವರ ಗದ್ಯದಲ್ಲಿ ಅಲಂಕಾರವಿಲ್ಲ. ವಾಕ್ಯಗಳು ದೀರ್ಘವಾದರೂ ಒಂದೊಂದೂ ಒಂದೊಂದು ಮೆಟ್ಟಿಲಾಗಿ ಮೇಲಕ್ಕೆ ಹೋಗುತ್ತವೆ. ಆ ಸೋಪಾನದಲ್ಲಿ ಮೂರು ಸ್ಥಾನಗಳನ್ನು ವಿಶೇಷವಾಗಿ ಲಕ್ಷಿಸಬೇಕು.

ಮೊದಲನೆಯದಾಗಿ, ಪ್ರಶ್ನೆಯು ೨೦೭ನೆಯ ಕಲಮನ್ನು ಪಾಲಿಸಿದರೋ ಇಲ್ಲವೋ ಎಂಬುದಲ್ಲವೆಂದೂ, ಅದು ಸಂಹಿತೆಯ ಅಕ್ಷರಗಳ ಎಲ್ಲೆಯನ್ನು ದಾಟಿ, ಸಂವಿಧಾನದ ೨೧ನೆಯ ಅನುಚ್ಛೇದದಿಂದ ನ್ಯಾಯಾಲಯಗಳು ಶ್ರಮಪಟ್ಟು ಕಟ್ಟಿದ ನ್ಯಾಯಯುತ ವಿಚಾರಣೆಯ ತತ್ತ್ವವನ್ನು ಮುಟ್ಟುತ್ತದೆಂದೂ ತೀರ್ಪು ಹೇಳುತ್ತದೆ. ಶಾಸನವು ಸುಮ್ಮನಿದೆಯೆಂಬ ಕಾರಣದಿಂದ ಹಕ್ಕಿಲ್ಲವೆನ್ನಲಾಗದು. ಅದು ಇನ್ನೂ ದೊಡ್ಡ ಮಾತಿನೊಳಗೆ ಅಡಗಿರುವ ಮೌನ ಎಂಬುದು ಈ ನಿಲುವಿನ ಸಾರ.

ಎರಡನೆಯದಾಗಿ, ಬೇಡಿಕೆಯು ಯಾವ ಘಟ್ಟದಲ್ಲಿ ಬಂದಿತು, ಎಷ್ಟು ಕಾಲ ಕಳೆದಿದೆ, ಆಪಾದಿತನ ಹಿಂದಿನ ನಡತೆ ಹೇಗಿತ್ತು ಎಂಬ ಮೂರೂ ಇಲ್ಲಿ ಗಣನೀಯವಲ್ಲವೆಂದು ತೀರ್ಪು ಹೇಳುತ್ತದೆ. ವಿಳಂಬದ ಅಪವಾದವು ಮೊದಲಿನಿಂದಲೂ ಅಂಟಿಕೊಂಡಿದ್ದ ಮೊಕದ್ದಮೆಯಲ್ಲಿ ಈ ಮಾತನ್ನು ಹೇಳುವುದಕ್ಕೆ ಧೈರ್ಯ ಬೇಕಾಗಿತ್ತು. ಹಕ್ಕನ್ನು ಕೇಳಿದವರು ಯಾರು ಎಂಬುದಕ್ಕಿಂತ ಹಕ್ಕು ಯಾವುದು ಎಂಬುದರ ಮೇಲೆ ಲೇಖಕರು ದೃಷ್ಟಿಯನ್ನು ನಿಲ್ಲಿಸಿರುವರು.

ಮೂರನೆಯದೇ ತೀರ್ಪಿನ ಹೃದಯ. ಬಚ್ಚಿಟ್ಟ ಕಾಗದದಿಂದ ಆಪಾದಿತನಿಗೆ ಹಾನಿಯಾಗುವುದೋ ಇಲ್ಲವೋ ಎಂಬುದನ್ನು ಗ್ರಹಿಸತಕ್ಕವರು ಅಭಿಯೋಜಕರೂ ಅಲ್ಲ, ನ್ಯಾಯಾಲಯವೂ ಅಲ್ಲ. ಆ ಭಾವನೆಯು ಆಪಾದಿತನಲ್ಲಿಯೇ ಹುಟ್ಟಬೇಕು. ಅದಕ್ಕೆ ಯುಕ್ತವಾದ ಆಧಾರವಿದ್ದರೆ ಅದನ್ನು ಬೇಗನೆ ಪರಿಹರಿಸುವುದು ನ್ಯಾಯಾಲಯ ಮತ್ತು ಅಭಿಯೋಜಕರು ಇಬ್ಬರ ಕರ್ತವ್ಯವೆಂದು ಹೇಳಿದೆ. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ೧೯೬೩ರ ಬ್ರೇಡಿ ಮೊಕದ್ದಮೆಯಲ್ಲಿ ಸ್ಥಾಪಿಸಿದ ಪ್ರಸಿದ್ಧ ನಿಯಮದೊಡನೆ ಇದನ್ನು ಹೋಲಿಸಿದರೆ ಭೇದವು ಸ್ಪಷ್ಟವಾಗುತ್ತದೆ. ಅಲ್ಲಿ ಆಪಾದಿತನಿಗೆ ಅನುಕೂಲವಾದ ಮುಖ್ಯಸಾಕ್ಷ್ಯವನ್ನು ಅಭಿಯೋಜಕರು ಮುಚ್ಚಿಡಬಾರದು. ಆದರೆ ಅನುಕೂಲವಾದುದು ಯಾವುದು ಎಂಬ ಮೊದಲ ಓದು ಅಭಿಯೋಜಕರದೇ ಆಗಿರುತ್ತದೆ. ನಮ್ಮ ಸರ್ವೋಚ್ಚ ನ್ಯಾಯಾಲಯವೇ ೨೦೧೦ರಲ್ಲಿ, ಮನು ಶರ್ಮ ಎಂಬ ಹೆಸರಿನಿಂದ ಪ್ರಸಿದ್ಧವಾದ ದೆಹಲಿಯ ಮೊಕದ್ದಮೆಯಲ್ಲಿ, ಈ ಹಕ್ಕು ಮಿತವಾದುದೆಂದು ಹೇಳಿತ್ತು. ೨೦೧೨ರ ತೀರ್ಪು ಮೊದಲ ಓದನ್ನು ಆಪಾದಿತನ ಕೈಗೆ ಕೊಡುತ್ತದೆ. ಒಂದೇ ಗ್ರಂಥವು ಭಿನ್ನ ವಾಚಕರಿಗೆ ಭಿನ್ನವಾಗಿ ತೋರುವುದೆಂಬುದನ್ನು ಸಾಹಿತ್ಯದ ಅಧ್ಯಾಪಕರು ನಿತ್ಯವೂ ಕಾಣುತ್ತಾರೆ. ತನಿಖಾಧಿಕಾರಿಗೆ ನಿಸ್ಸಾರವಾಗಿ ತೋರಿದ ರಸೀತಿಯಲ್ಲಿ ಆಪಾದಿತನು ತನ್ನ ಬಿಡುಗಡೆಯನ್ನು ಕಾಣಬಹುದೆಂಬುದು ಇದೇ ಸತ್ಯದ ಇನ್ನೊಂದು ರೂಪ.

ಈ ತತ್ತ್ವವು ಆಪಾದಿತನ ನಿರ್ದೋಷವನ್ನು ಅವಲಂಬಿಸಿದುದಲ್ಲವೆಂಬುದನ್ನೂ ಹೇಳಬೇಕು. ಈ ತೀರ್ಪಾದ ಎರಡು ವರ್ಷಗಳ ಮೇಲೆ, ೨೦೧೪ರ ಸೆಪ್ಟೆಂಬರ್ ೨೭ರಂದು, ವಿಶೇಷ ನ್ಯಾಯಾಧೀಶರಾದ ಜಾನ್ ಮೈಕೇಲ್ ಕುನ್ಹ ಅವರು ನಾಲ್ವರನ್ನೂ ಅಪರಾಧಿಗಳೆಂದು ತೀರ್ಮಾನಿಸಿದರು. ಉಚ್ಚ ನ್ಯಾಯಾಲಯವು ೨೦೧೫ರ ಮೇ ೧೧ರಂದು ಬಿಡುಗಡೆ ಮಾಡಿತು. ೨೦೧೭ರ ಫೆಬ್ರವರಿ ೧೪ರಂದು ಸರ್ವೋಚ್ಚ ನ್ಯಾಯಾಲಯವು, ಅಷ್ಟರಲ್ಲಿ ಕಾಲವಾಗಿದ್ದ ಜಯಲಲಿತಾ ಅವರನ್ನು ಬಿಟ್ಟು ಉಳಿದ ಮೂವರ ಶಿಕ್ಷೆಯನ್ನು ಪುನಃ ಸ್ಥಾಪಿಸಿತು. ಕಾಗದಗಳನ್ನು ನೋಡಗೊಟ್ಟದ್ದರಿಂದ ಅಪರಾಧಿಯು ತಪ್ಪಿಸಿಕೊಳ್ಳುವನೆಂಬ ಭಯವು ಎಷ್ಟು ಅಲ್ಪವಾದುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

೪

ಇಷ್ಟು ಗುಣವನ್ನು ಹೇಳಿದ ಮೇಲೆ ದೋಷವನ್ನೂ ಹೇಳುವುದು ವಿಮರ್ಶಕನ ಧರ್ಮ. ಹಾನಿಯ ಭಾವನೆಯು ಆಪಾದಿತನದು ಎಂದ ತೀರ್ಪು, ಅದಕ್ಕೆ ಯುಕ್ತವಾದ ಆಧಾರವಿರಬೇಕೆಂದೂ ಹೇಳುತ್ತದೆ. ಆಧಾರವು ಯುಕ್ತವೋ ಅಯುಕ್ತವೋ ಎಂದು ನಿರ್ಣಯಿಸತಕ್ಕವರು ಯಾರು? ನ್ಯಾಯಾಲಯವೇ. ಹಾಗಾದರೆ ಒಂದು ಕೈಯಿಂದ ಕೊಟ್ಟುದನ್ನು ಇನ್ನೊಂದು ಕೈಯಿಂದ ಸ್ವಲ್ಪ ಹಿಡಿದುಕೊಂಡಂತಾಯಿತು. ಇದಲ್ಲದೆ, ತಾನು ನೋಡದ ಕಾಗದದಿಂದ ತನಗೆ ಹಾನಿಯಿದೆಯೆಂಬುದಕ್ಕೆ ಆಧಾರವನ್ನು ಆಪಾದಿತನು ಎಲ್ಲಿಂದ ತರಬೇಕು? ನೋಡಿದ ಹೊರತು ಆಧಾರ ಸಿಕ್ಕದು, ಆಧಾರವಿಲ್ಲದ ಹೊರತು ನೋಡಲಾಗದು ಎಂಬ ಅನ್ಯೋನ್ಯಾಶ್ರಯ ದೋಷವು ಇಲ್ಲಿ ಇಣುಕುತ್ತದೆ. ಆ ಮೊಕದ್ದಮೆಯಲ್ಲಿ ಕಾಗದಗಳು ನ್ಯಾಯಾಲಯದ ವಶದಲ್ಲಿಯೇ ಇದ್ದುದು ಎಲ್ಲರಿಗೂ ತಿಳಿದಿದ್ದ ಕಾರಣ ಈ ತೊಡಕು ಬಾಧಿಸಲಿಲ್ಲ. ಎಲ್ಲ ಆಪಾದಿತರಿಗೂ ಅಂತಹ ಅನುಕೂಲವಿರದು.

ಪರಿಹಾರದ ವಿಷಯದಲ್ಲಿಯೂ ತತ್ತ್ವಕ್ಕೂ ಆಜ್ಞೆಗೂ ಅಂತರ ಕಾಣುತ್ತದೆ. ತತ್ತ್ವವು ಸಂವಿಧಾನದವರೆಗೆ ಏರಿತು. ಆಜ್ಞೆಯು ಪರಿಶೀಲನೆಗೆ ಅವಕಾಶ ಕೊಡುವುದರಲ್ಲಿ ನಿಂತಿತು. ನೋಡಲು ಅನುಮತಿಯಾಯಿತು, ನಕಲು ಒಡನೆಯೇ ಸಿಕ್ಕಲಿಲ್ಲ. ನೋಟವೇ ಸಾಕಾಗುವ ಸಂದರ್ಭಗಳಿಲ್ಲವೆಂದಲ್ಲ. ಕೇರಳದ ಒಂದು ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೧೯ರ ನವೆಂಬರ್ ೨೯ರಂದು, ಮೆಮೊರಿ ಕಾರ್ಡಿನಲ್ಲಿರುವುದೂ ದಸ್ತಾವೇಜೇ ಎಂದು ಒಪ್ಪಿಯೂ, ನೊಂದ ಮಹಿಳೆಯ ಮಾನರಕ್ಷಣೆಗಾಗಿ ನಕಲನ್ನು ಕೊಡದೆ ಪರಿಶೀಲನೆಗೆ ಮಾತ್ರ ಅವಕಾಶ ಕೊಟ್ಟುದು ಸರ್ವಥಾ ಉಚಿತ. ಆದರೆ ಲೆಕ್ಕಪತ್ರಗಳ ರಾಶಿಯನ್ನು ನಿಂತು ನೋಡಿ ಹೋಗುವುದಕ್ಕೂ, ಮನೆಗೆ ಒಯ್ದು ಮನನ ಮಾಡುವುದಕ್ಕೂ ಇರುವ ವ್ಯತ್ಯಾಸವನ್ನು ಗ್ರಂಥಸಂಪಾದನೆ ಮಾಡಿದವರು ಬಲ್ಲರು.

ಮೇಲೆ ಹೇಳಿದ ಅನ್ಯೋನ್ಯಾಶ್ರಯವನ್ನು ಬಿಡಿಸಿದ ಕೀರ್ತಿಯು ಮುಂದಿನ ತೀರ್ಪುಗಳಿಗೆ ಸಲ್ಲಬೇಕು. ಕ್ರಿಮಿನಲ್ ವಿಚಾರಣೆಗಳ ಕುಂದುಕೊರತೆಗಳನ್ನು ಕುರಿತು ತಾನಾಗಿಯೇ ಕೈಗೊಂಡ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೨೧ರ ಏಪ್ರಿಲ್ ೨೦ರಂದು, ತನಿಖಾಧಿಕಾರಿಯು ಅವಲಂಬಿಸದ ಹೇಳಿಕೆಗಳು, ದಸ್ತಾವೇಜುಗಳು, ಮುದ್ದೆಮಾಲುಗಳು ಇವುಗಳ ಪಟ್ಟಿಯನ್ನೂ ಆಪಾದಿತನಿಗೆ ಕೊಡಬೇಕೆಂಬ ಕರಡು ನಿಯಮವನ್ನು ಅಂಗೀಕರಿಸಿತು. ಮಧ್ಯಪ್ರದೇಶದ ಮನೋಜ್ ಎಂಬವರ ಮೊಕದ್ದಮೆಯಲ್ಲಿ ೨೦೨೨ರ ಮೇ ೨೦ರಂದು ಇದು ಮತ್ತೆ ದೃಢಪಟ್ಟಿತು. ಪಟ್ಟಿಯು ಕೈಯಲ್ಲಿದ್ದರೆ ಆಪಾದಿತನು, ಇಂತಹ ಕಾಗದ ನನಗೆ ಬೇಕು ಎಂದು ಹೆಸರಿಸಿ ಕೇಳಬಲ್ಲನು. ೨೦೧೨ರ ತೀರ್ಪು ತೆರೆದ ಬಾಗಿಲಿಗೆ ೨೦೨೧ರ ಪಟ್ಟಿಯು ದಾರಿಯನ್ನು ತೋರಿಸಿತೆನ್ನಬಹುದು.

ಇಲ್ಲಿ ಸ್ಮೃತಿಕಾರರ ಮಾತೊಂದು ನೆನಪಿಗೆ ಬರುತ್ತದೆ. ಅರ್ಥಿಯು ನಿವೇದಿಸಿದುದನ್ನು ಅವನು ಹೇಳಿದಂತೆಯೇ, ಪ್ರತ್ಯರ್ಥಿಯ ಎದುರಿನಲ್ಲಿ ಬರೆಯಬೇಕೆಂದು ಯಾಜ್ಞವಲ್ಕ್ಯನು ವಿಧಿಸುತ್ತಾನೆ. ಅದು ವ್ಯವಹಾರದ ಭಾಷಾಪಾದವನ್ನು, ಎಂದರೆ ವಾದಿಯ ಬಿನ್ನಹವನ್ನು ಕುರಿತದ್ದೇ ಹೊರತು ಸಾಕ್ಷ್ಯವನ್ನು ಕುರಿತದ್ದಲ್ಲ. ಆದ್ದರಿಂದ ಆಧುನಿಕ ಹಕ್ಕನ್ನು ಅದರಲ್ಲಿ ಹುಡುಕುವುದು ಅವಿಚಾರ. ಆದರೂ ಆ ವಿಧಿಯಲ್ಲಿ ಎರಡು ಷರತ್ತುಗಳಿವೆ: ಎದುರಿನಲ್ಲಿ ಬರೆಯಬೇಕು, ಹೇಳಿದಂತೆ ಬರೆಯಬೇಕು. ನಮ್ಮ ಕಾಲದ ತೀರ್ಪುಗಳು ಮೊದಲನೆಯದನ್ನು ಬಹುಮಟ್ಟಿಗೆ ಸಾಧಿಸಿವೆ. ಎರಡನೆಯದು ಇನ್ನೂ ಬಾಕಿಯಿದೆ.

೫

ಈ ಬಾಕಿಯು ಎದ್ದು ಕಾಣುವ ಸ್ಥಳವೇ ಕೋಲಾರದ ಚಿನ್ನದ ಗಣಿಯ ಪ್ರದೇಶ. ಬೆಂಗಳೂರಿನ ಮೊಕದ್ದಮೆಯಲ್ಲಿ ವರ್ಗಾವಣೆಯ ದೆಸೆಯಿಂದ ಒಂದು ಸಲ ಒದಗಿದ ಸ್ಥಿತಿಯು, ಎಂದರೆ ತಮಿಳಿನ ಮಾತು ಕನ್ನಡ ನಾಡಿನ ನ್ಯಾಯಾಲಯಕ್ಕೆ ಬರುವುದು, ಇಲ್ಲಿ ನಿತ್ಯದ ಸ್ಥಿತಿ. ಜಾನ್ ಟೇಲರ್ ಕಂಪೆನಿಯು ೧೮೮೦ರಲ್ಲಿ ಗಣಿಗಾರಿಕೆಯನ್ನು ಕೈಗೊಂಡ ಮೇಲೆ, ಉತ್ತರ ಆರ್ಕಾಟು ಮೊದಲಾದ ಸೀಮೆಗಳಿಂದ ತಮಿಳರೂ, ಚಿತ್ತೂರಿನ ಕಡೆಯಿಂದ ತೆಲುಗರೂ ಕೂಲಿಗಾಗಿ ಬಂದು ನೆಲೆಸಿದರು. ಬೌರಿಂಗ್‌ಪೇಟೆ ಎಂಬ ಹೆಸರಿದ್ದ ಇಂದಿನ ಬಂಗಾರಪೇಟೆಯು ಗಣಿಗೆ ಹೋಗುವ ರೈಲಿನ ಕವಲು. ೨೦೦೧ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯು ಗಣಿಗಳನ್ನು ಮುಚ್ಚಿದರೂ ಜನರೂ ಅವರ ನುಡಿಗಳೂ ಉಳಿದುಕೊಂಡುವು. ಮಾರಿಕುಪ್ಪಂ, ಚಾಂಪಿಯನ್ ರೀಫ್, ಆಂಡರ್ಸನ್‌ಪೇಟೆಗಳ ಮನೆಮಾತು ಬಹುಮಟ್ಟಿಗೆ ತಮಿಳು. ಸುತ್ತಣ ಹಳ್ಳಿಗಳಲ್ಲಿ ತೆಲುಗು ಮತ್ತು ಕನ್ನಡ. ಅಧೀನ ನ್ಯಾಯಾಲಯದ ಭಾಷೆ ಕನ್ನಡ. ಮೇಲ್ಮನವಿಯ ಭಾಷೆ ಇಂಗ್ಲಿಷು.

ಬಿಟ್ಟ ಕಾಗದದಲ್ಲಿಯೂ ಸಾರವಿರಬಹುದೆಂಬುದನ್ನು ಈ ಊರಿನವರಿಗೆ ಹೇಳಿಕೊಡಬೇಕಾಗಿಲ್ಲ. ಅದಿರನ್ನು ಅರೆದು, ಸೈನೈಡಿನಿಂದ ಚಿನ್ನವನ್ನು ತೆಗೆದು, ಉಳಿದುದನ್ನು ಸುರಿದ ಸೈನೈಡ್ ದಿಬ್ಬಗಳ ನಡುವೆಯೇ ಅವರು ಬದುಕಿರುವರು; ಅಂತಹ ೧೩ ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಪ್ರಸ್ತಾಪಕ್ಕೆ ೨೦೨೪ರ ಜೂನ್ ತಿಂಗಳಲ್ಲಿ ಕರ್ನಾಟಕದ ಸಚಿವ ಸಂಪುಟವು ಒಪ್ಪಿಗೆ ಕೊಟ್ಟಿತು. ಅವರಿಗೆ ಕಷ್ಟವಾಗಿರುವುದು ಬೇರೆ: ಕಾಗದ ಸಿಕ್ಕಿದರೂ ಅದರ ಭಾಷೆ.

ಪೊಲೀಸರು ೨೦೨೪ರವರೆಗೆ ೧೬೧ನೆಯ ಕಲಮಿನಂತೆ ಸಾಕ್ಷಿಯ ಹೇಳಿಕೆಯನ್ನು ಬರೆದುಕೊಳ್ಳುತ್ತಿದ್ದರು. ೧೬೨ನೆಯ ಕಲಮಿನ ಪ್ರಕಾರ ಅದಕ್ಕೆ ಹೇಳಿದವನ ರುಜು ಇರಕೂಡದಾಗಿತ್ತು. ಹೇಳಿದವನು ತಮಿಳಿನಲ್ಲಿ ಹೇಳಿ ಬರೆದವನು ಕನ್ನಡದಲ್ಲಿ ಬರೆದರೆ, ಕಡತಕ್ಕೆ ಸೇರುವುದು ಭಾಷಾಂತರ. ಮೂಲವು ಗಾಳಿಯಲ್ಲಿ ಹೋಗಿರುತ್ತದೆ. ಮೂಲವಿಲ್ಲದ ಭಾಷಾಂತರವನ್ನು ಪರೀಕ್ಷಿಸುವ ಉಪಾಯವಾವುದು? ಒಂದು ಪದವನ್ನು ಉದಾಹರಿಸೋಣ. ತಮಿಳಿನ ‘ಕುತ್ತಿನಾನ್’ ಎಂಬ ಕ್ರಿಯಾಪದಕ್ಕೆ ಮುಷ್ಟಿಯಿಂದ ಗುದ್ದಿದನು ಎಂದೂ ಅರ್ಥವುಂಟು, ಚೂರಿಯಿಂದ ಇರಿದನು ಎಂದೂ ಅರ್ಥವುಂಟು. ಕನ್ನಡದಲ್ಲಿ ಬರೆಯುವವನು ಎರಡರಲ್ಲಿ ಒಂದನ್ನು ಆರಿಸಲೇಬೇಕು. ‘ಗುದ್ದಿದನು’ ಎಂದರೆ ಸಾಮಾನ್ಯ ಗಾಯದ ಅಪರಾಧ. ‘ಇರಿದನು’ ಎಂದರೆ ಅಪಾಯಕಾರಿ ಆಯುಧದ ಅಪರಾಧ. ಭಾರತೀಯ ದಂಡಸಂಹಿತೆಯಲ್ಲಿ ಇವು ೩೨೩ ಮತ್ತು ೩೨೪ ಎಂಬ ಬೇರೆ ಬೇರೆ ಕಲಮುಗಳಾಗಿದ್ದುವು. ಹೀಗೆ ಒಂದು ನಿಘಂಟಿನ ತೀರ್ಮಾನವೇ ಶಿಕ್ಷೆಯ ತೀರ್ಮಾನವಾಗಬಹುದು. ಅದನ್ನು ಮಾಡಿದವರು ಯಾರೆಂದು ಕಾಗದದಲ್ಲಿ ಬರೆದಿರುವುದಿಲ್ಲ.

ಸಂಹಿತೆಯು ಈ ಕಷ್ಟವನ್ನು ಕಾಣದೆ ಇಲ್ಲ. ಆಪಾದಿತನಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷ್ಯವನ್ನು ಕೊಟ್ಟರೆ ಅದನ್ನು ತೆರೆದ ನ್ಯಾಯಾಲಯದಲ್ಲಿಯೇ ಅವನಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕೆಂದು ೨೭೯ನೆಯ ಕಲಮು ವಿಧಿಸಿತ್ತು. ಆದರೆ ಅದೇ ಕಲಮಿನ ಮೂರನೆಯ ಉಪಕಲಮು, ಔಪಚಾರಿಕವಾಗಿ ರುಜುವಾತುಪಡಿಸಲು ಹಾಜರುಪಡಿಸಿದ ದಸ್ತಾವೇಜುಗಳಲ್ಲಿ ಅವಶ್ಯಕವೆಂದು ತೋರಿದಷ್ಟನ್ನು ಮಾತ್ರ ಹೇಳಿಸುವುದನ್ನು ನ್ಯಾಯಾಲಯದ ವಿವೇಚನೆಗೆ ಬಿಟ್ಟಿತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ೩೧೪ನೆಯ ಕಲಮಾಗಿ ಇದೇ ಏರ್ಪಾಡು ಮುಂದುವರಿದಿದೆ. ಎಂದರೆ ಬಾಯಿಮಾತಿಗೆ ಭಾಷಾಂತರವು ಹಕ್ಕು. ಕಾಗದಕ್ಕೆ ಭಾಷಾಂತರವು ಕೃಪೆ. ೨೦೭ರ ಸ್ಥಾನಕ್ಕೆ ಬಂದ ೨೩೦ನೆಯ ಕಲಮು, ನಕಲುಗಳನ್ನು ೧೪ ದಿನಗಳೊಳಗೆ ಕೊಡಬೇಕೆಂದು ಅವಧಿಯನ್ನು ಗೊತ್ತುಮಾಡಿತು, ವಿದ್ಯುನ್ಮಾನ ರೂಪದಲ್ಲಿ ಕೊಡಬಹುದೆಂದಿತು. ಭಾಷೆಯ ಮಾತನ್ನು ಅದೂ ಎತ್ತಲಿಲ್ಲ.

ಸರ್ವೋಚ್ಚ ನ್ಯಾಯಾಲಯವು ೨೦೨೩ರ ಆಗಸ್ಟ್ ೨೫ರಂದು ನರೋತ್ತಮ ಧಾಕಡ್ ಎಂಬವರ ಮೊಕದ್ದಮೆಯಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿತು. ದೋಷಾರೋಪಣಾ ಪಟ್ಟಿಯು ನ್ಯಾಯಾಲಯದ ಭಾಷೆಯಲ್ಲಿಯೇ ಇರಬೇಕೆಂಬ ನಿಯಮವಿಲ್ಲ. ಆಪಾದಿತನ ವಕೀಲರಿಗೆ ಅದರ ಭಾಷೆ ತಿಳಿದಿದ್ದರೆ ಅವರು ಕಕ್ಷಿಗಾರನಿಗೆ ವಿವರಿಸಬಲ್ಲರಾದ್ದರಿಂದ ಭಾಷಾಂತರವು ಬೇಕಿಲ್ಲ. ಇಬ್ಬರಿಗೂ ತಿಳಿಯದಿದ್ದರೆ ಮಾತ್ರ ಭಾಷಾಂತರದ ಪ್ರಶ್ನೆ ಏಳುತ್ತದೆ ಎಂದು ನ್ಯಾಯಮೂರ್ತಿ ಅಭಯ್ ಓಕ ಮತ್ತು ನ್ಯಾಯಮೂರ್ತಿ ರಾಜೇಶ್ ಬಿಂದಲ್ ಅವರು ಅಭಿಪ್ರಾಯಪಟ್ಟರು. ವ್ಯವಹಾರದೃಷ್ಟಿಯಿಂದ ಇದು ಸಮಂಜಸವೇ. ಆದರೆ ೨೦೧೨ರ ತೀರ್ಪಿನ ಪಕ್ಕದಲ್ಲಿಟ್ಟು ನೋಡಿದರೆ ಕೊಂಚ ಕೊರತೆಯಾಗಿ ತೋರುತ್ತದೆ. ಹಾನಿಯನ್ನು ಗ್ರಹಿಸತಕ್ಕವನು ಆಪಾದಿತನೇ ಎಂದಮೇಲೆ, ಗ್ರಹಿಸಲು ಬೇಕಾದ ಓದನ್ನು ಮಾತ್ರ ಮತ್ತೊಬ್ಬರಿಗೆ ವಹಿಸುವುದು ಹೇಗೆ? ಆ ರಸೀತಿಯ ತಾರೀಖಿನ ದಿನ ತಾನು ಎಲ್ಲಿದ್ದೆನೆಂಬುದು ಆಪಾದಿತನಿಗೆ ಗೊತ್ತು, ವಕೀಲರಿಗೆ ಗೊತ್ತಿಲ್ಲ. ವಕೀಲರು ಮುಖ್ಯವೆಂದು ಎಣಿಸಿದುದನ್ನು ಮಾತ್ರ ವಿವರಿಸಿದರೆ, ಅಭಿಯೋಜಕರಿಂದ ಬಿಡಿಸಿಕೊಂಡ ಮೊದಲ ಓದು ವಕೀಲರ ಕೈಯಲ್ಲಿ ನಿಂತಂತಾಯಿತು. ಹಣವುಳ್ಳವನು ಬೇಕಾದಷ್ಟು ಸಲ ಕೇಳಿ ತಿಳಿಯಬಹುದು. ಕಾನೂನು ಸೇವಾ ಪ್ರಾಧಿಕಾರದ ನೆರವಿನಿಂದ ವಕೀಲರನ್ನು ಪಡೆದ ಸೆರೆಮನೆಯ ಬಡವನಿಗೆ ಅಂತಹ ಬಿಡುವು ಸಿಕ್ಕುವುದು ದುರ್ಲಭ.

೬

ಹೀಗಿರಲು ನಮ್ಮ ನಿರ್ಣಯವನ್ನು ಕೆಲವೇ ಮಾತುಗಳಲ್ಲಿ ಹೇಳಬಹುದು. ೨೦೧೨ರ ತೀರ್ಪಿನಲ್ಲಿ ಪ್ರವೇಶವೆಂಬ ಅರ್ಥದಲ್ಲಿ ಬಳಸಿದ ಮಾತನ್ನು ಕಣ್ಣಿಗೆ ಕಾಣುವುದೆಂಬಷ್ಟಕ್ಕೇ ಸೀಮಿತಗೊಳಿಸಬಾರದು. ಅದರ ಕಾರಣವಾಕ್ಯವು ಹಾನಿಯ ಗ್ರಹಿಕೆಯನ್ನು ಆಪಾದಿತನಲ್ಲಿ ಇಟ್ಟಿರುವುದರಿಂದ, ಗ್ರಹಿಕೆಗೆ ಸಾಧನವಾದ ಭಾಷೆಯೂ ಆ ಮಾತಿನ ಅರ್ಥದಲ್ಲಿಯೇ ಅಡಕವಾಗಿದೆಯೆಂದು ಓದುವುದು ನ್ಯಾಯ. ಇದಕ್ಕೆ ಹೊಸ ಶಾಸನವೇ ಬೇಕೆಂದಿಲ್ಲ. ೨೦೨೧ರ ನಿಯಮದ ಪಟ್ಟಿಯನ್ನು ಆಪಾದಿತನ ಭಾಷೆಯಲ್ಲಿ ಓದಿ ಹೇಳಿ, ಹಾಗೆ ಹೇಳಿದುದನ್ನು ನ್ಯಾಯಾಲಯದ ದಿನವಹಿಯಲ್ಲಿ ನಮೂದಿಸಬಹುದು. ಹೇಳಿಕೆಯ ತಲೆಯಲ್ಲಿ, ಹೇಳಿದವನು ಯಾವ ಭಾಷೆಯಲ್ಲಿ ಹೇಳಿದನು, ಕನ್ನಡಕ್ಕೆ ತಂದವರು ಯಾರು ಎಂಬ ಎರಡು ಸಾಲುಗಳನ್ನು ಬರೆಯಬಹುದು. ಹೇಳಿಕೆಯನ್ನು ಧ್ವನಿಮುದ್ರಣ ಮಾಡಲು ೨೦೦೯ರ ತಿದ್ದುಪಡಿಯಿಂದಲೇ ಅವಕಾಶವಿದೆ. ಮುದ್ರಿಕೆಯಿದ್ದರೆ ಅದೇ ಮೂಲಪ್ರತಿಯಾಗಿ, ಅವಲಂಬಿಸದ ಸಾಮಗ್ರಿಯ ಪಟ್ಟಿಯಲ್ಲಿಯಾದರೂ ಅದು ಕಾಣಿಸಿಕೊಳ್ಳಬೇಕು.

ಕನ್ನಡವು ನ್ಯಾಯಾಲಯದ ಭಾಷೆಯಾಗಬೇಕೆಂದು ಶ್ರಮಿಸಿದವರೆಲ್ಲರೂ ಮುಂದಿಟ್ಟ ಕಾರಣವು ಒಂದೇ: ತನ್ನ ಮೇಲೆ ಏನನ್ನು ಬರೆದಿರುವರೆಂಬುದು ಪ್ರಜೆಗೆ ತಿಳಿಯಬೇಕು. ಆ ಕಾರಣವು ಕನ್ನಡಿಗನ ವಿಷಯದಲ್ಲಿ ಎಷ್ಟು ಬಲವಾದುದೋ, ಮಾರಿಕುಪ್ಪದ ತಮಿಳನ ವಿಷಯದಲ್ಲಿಯೂ ಬಂಗಾರಪೇಟೆಯ ಹಳ್ಳಿಯ ತೆಲುಗನ ವಿಷಯದಲ್ಲಿಯೂ ಅಷ್ಟೇ ಬಲವಾದುದು. ನಮ್ಮ ಭಾಷೆಗಾಗಿ ನಾವು ಕೇಳಿದ ನ್ಯಾಯವನ್ನು ನಮ್ಮ ಭಾಷೆಯ ನ್ಯಾಯಾಲಯದಲ್ಲಿ ನೆರೆಯವನಿಗೆ ಸಲ್ಲಿಸಿದಾಗಲೇ ಆ ಕೇಳಿಕೆಯು ಸಾರ್ಥಕವಾಗುವುದು.